ಎರಡಕ್ಕೂ ಆಗುವ ಬ್ರೇಕು

ಅಪ್ಪನ ಅಂಗಡಿಯ ಹಲಗೆಯ ಮೇಲೆ ಎರಡು ಬಗೆಯ ಬ್ರೇಕಿನ ಲೈನಿಂಗು ಪಕ್ಕಪಕ್ಕ ಇದ್ದವು. ಒಂದು ನೇಯ್ದದ್ದು. ಗೋಣಿತಾಟಿನ ಹಾಗೆ ಎಳೆ ಕಾಣುತ್ತಿತ್ತು, ನಡುನಡುವೆ ಹಿತ್ತಾಳೆಯ ತಂತಿ. ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ಇನ್ನೊಂದು ಅಚ್ಚಿನಲ್ಲಿ ಒತ್ತಿದ್ದು, ಹಂಚಿನಂತೆ ಗಟ್ಟಿ. ಅರಳಸುರಳಿಯ ಸುಂದರೇಶಯ್ಯ ಎರಡನ್ನೂ ಕೈಯಲ್ಲಿ ತೂಗಿ ನೋಡಿ, ಯಾವುದು ಹಾಕುತ್ತೀ ಎಂದು ಅಪ್ಪನನ್ನು ಕೇಳಿದರು.

ಅಪ್ಪ ಬೆಳ್ಳಪ್ಪ ಸಾಗರದಲ್ಲಿ ಬ್ರೇಕಿನ ಕೆಲಸದ ಅಂಗಡಿ ಇಟ್ಟು ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ತುಮರಿ ಕಡೆ ಎತ್ತಿನ ಗಾಡಿ ಹೊಡೆಯುತ್ತಿದ್ದ. ಅಣೆಕಟ್ಟಿನ ನೀರು ಬಂದು ಗದ್ದೆ, ರಸ್ತೆ ಎಲ್ಲ ಮುಳುಗಿದ ಮೇಲೆ ಎತ್ತು ಮಾರಿ ಪೇಟೆಗೆ ಬಂದೆವು. ಕಾರಿನ ಚಕ್ರದೊಳಗೆ ಒಂದು ಕಬ್ಬಿಣದ ಡ್ರಮ್ಮು ಇರುತ್ತದೆ. ಪೆಡಲು ಒತ್ತಿದರೆ ಬಿಲ್ಲಿನಂತೆ ಬಾಗಿದ ಎರಡು ಶೂಗಳು ಅಗಲವಾಗಿ ಆ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುತ್ತವೆ. ಶೂವಿನ ಬೆನ್ನಿಗೆ ತಾಮ್ರದ ರಿವಿಟ್ಟು ಹೊಡೆದು ಲೈನಿಂಗು ಕೂರಿಸುವುದು ನಮ್ಮ ಕೆಲಸ. ಅಪ್ಪನಿಗೆ ಹತ್ತಿರದ್ದು ಸರಿಯಾಗಿ ಕಾಣುತ್ತಿರಲಿಲ್ಲ. ಹಾಗಾಗಿ ರಿವಿಟ್ಟನ್ನು ತೂತಿಗೆ ಇಟ್ಟು ಹಿಡಿಯುವವಳು ನಾನು, ಸುತ್ತಿಗೆ ಬೀಸುವವನು ಅವನು.

ಸುಂದರೇಶಯ್ಯನ ಕಾರು ಮನೆಯ ಕಾರು. ಅವರ ತಾಯಿ ಭಾಗೀರಥಮ್ಮನವರು ಅದರಲ್ಲಿ ಮದುವೆ ಮುಂಜಿಗೆ, ಆಸ್ಪತ್ರೆಗೆ, ಸಾಗರದ ಮಗಳ ಮನೆಗೆ ಓಡಾಡುತ್ತಿದ್ದರು. ಸಂತೆಯ ಜನದ ನಡುವೆ ಅದು ಮೆಲ್ಲಗೆ ನಿಲ್ಲಬೇಕು, ಕಿರುಚಬಾರದು. ಬ್ರೇಕು ಕಿರುಚಿದರೆ ಊರೇ ತಿರುಗಿ ನೋಡುತ್ತದೆಂದು ಆ ಅಮ್ಮನಿಗೆ ನಾಚಿಕೆ. ಆದರೆ ಅದೇ ಕಾರನ್ನು ಸುಂದರೇಶಯ್ಯ ಬರುವ ಭಾನುವಾರ ಆಗುಂಬೆ ಘಾಟಿಯಲ್ಲಿ ಪಂದ್ಯಕ್ಕೆ ಒಯ್ಯುವವರಿದ್ದರು. ಕಾಫಿ ತೋಟದ ಕೆಲವರು ಸೇರಿ ಏರ್ಪಡಿಸಿದ್ದ ಪಂದ್ಯ. ಮೇಲಿಂದ ಸೋಮೇಶ್ವರಕ್ಕೆ ಇಳಿದು, ಅಲ್ಲಿ ತಿರುಗಿಸಿಕೊಂಡು ಮತ್ತೆ ಹತ್ತಬೇಕು. ಬೇಗ ಬಂದವರು ಗೆದ್ದಂತೆ. ಪ್ರತಿ ಕಾರಿನಲ್ಲೂ ಇಬ್ಬರು ಇರಲೇಬೇಕೆಂಬ ನಿಯಮವಿತ್ತು. ಆ ಎರಡನೆಯವನು ಅಪ್ಪ. ಭಾಗೀರಥಮ್ಮನವರಿಗೆ ಇದು ಯಾವುದೂ ಗೊತ್ತಿರಲಿಲ್ಲ.

ನೇಯ್ದದ್ದು ತಣ್ಣಗಿದ್ದಾಗ ಒಳ್ಳೆಯ ಹಿಡಿತ, ಪೇಟೆಗೆ ಸರಿ, ಘಾಟಿಯಲ್ಲಿ ಬಿಸಿಯಾದರೆ ಜಾರುತ್ತದೆ ಎಂದು ಅಪ್ಪ ವಿವರಿಸಿದ. ಅಚ್ಚಿನದ್ದು ಬಿಸಿಯಾದಷ್ಟೂ ಹಿಡಿಯುತ್ತದೆ, ಆದರೆ ಬೆಳಿಗ್ಗೆ ಮನೆ ಬಿಡುವಾಗ ಮರದ ತುಂಡನ್ನು ತುಳಿದ ಹಾಗೆ, ಮೇಲಾಗಿ ಕಿರುಚುತ್ತದೆ. ಸುಂದರೇಶಯ್ಯನಿಗೆ ಅಚ್ಚಿನದ್ದರ ಮೇಲೆ ಕಣ್ಣು. ಆದರೆ ಅದರ ಸದ್ದಿಗೆ ಅಮ್ಮ ಎದ್ದು ಕೂತು ನೂರು ಪ್ರಶ್ನೆ ಕೇಳುತ್ತಾರೆ ಎಂಬ ಅಂಜಿಕೆಯೂ ಇತ್ತು. ಎರಡಕ್ಕೂ ಆಗುವಂಥದ್ದು ಇಲ್ಲವೇ ಎಂದು ಕೇಳಿದರು.

ಅಪ್ಪ ನೇಯ್ದದ್ದನ್ನು ಕೈಗೆತ್ತಿಕೊಂಡು, "ಮಾಡ್ಕೊಡ್ತೀನಿ" ಅಂದ.

ಆ ಮಾತು ಅವನ ಬಾಯಿಂದ ಬಂದಾಗ ನನಗೆ ಹೆಮ್ಮೆಯೇ ಆಯಿತು. ಗಾಡಿಯ ಕಾಲದಲ್ಲಿ ಅವನು ಕೊಲ್ಲೂರು ಘಾಟಿ ಇಳಿಯುವಾಗ ಚಕ್ರಕ್ಕೆ ಒತ್ತುವ ಮರದ ತುಂಡುಗಳನ್ನು ಚೊಗರಿನಲ್ಲಿ ನೆನೆಸಿ ಒಣಗಿಸುತ್ತಿದ್ದ. ಚೊಗರು ಎಂದರೆ ಅಡಿಕೆ ಬೇಯಿಸಿ ಉಳಿಯುವ ಕೆಂಪು ರಸ. ಕುದಿಸಿ ಕುದಿಸಿ ಮಂದವಾದದ್ದನ್ನು ಮನೆಯವರು ಮಡಕೆಯಲ್ಲಿ ವರ್ಷವಿಡೀ ಇಟ್ಟುಕೊಳ್ಳುತ್ತಾರೆ. ಅದನ್ನು ಕುಡಿದ ಮರ ಬೇಗ ಸವೆಯದು, ಕಿರ್ರೆನ್ನದು. ತುಮರಿ ಕಡೆಯ ಗಾಡಿಯವರೆಲ್ಲ ಹಾಗೆಯೇ ಮಾಡುತ್ತಿದ್ದರು. ಅಪ್ಪ ಮೆತ್ತನೆಯ ಲೈನಿಂಗನ್ನೇ ತೆಗೆದುಕೊಂಡು ಬಿಸಿ ಚೊಗರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ಮತ್ತೆ ಅದ್ದಿದ. ಒಳಗೆ ಮೆತ್ತಗೆ, ಮೇಲೆ ಗಟ್ಟಿ ಎಂದು ನನಗೆ ತೋರಿಸಿದ. ಮೇಲ್ಮೈ ಕೆಂಪಗೆ ಬಿಗಿದುಕೊಂಡಿತ್ತು. ರಿವಿಟ್ಟು ಹಿಡಿದಾಗ ನನ್ನ ಬೆರಳಿಗೆ ಸ್ವಲ್ಪ ಅಂಟಿತು. ಬೆವರಿಗೆ ಇರಬೇಕೆಂದುಕೊಂಡೆ.

ಶನಿವಾರ ಊಟದ ಹೊತ್ತಿಗೆ ಕೆಲಸ ಮುಗಿಯಿತು. ಭಾಗೀರಥಮ್ಮನವರು ಮಗಳ ಮನೆಯಿಂದ ಹೊರಟು ನಿಂತಿದ್ದರು. ದಾರಿಯಲ್ಲಿ ಬಿಗಿ ಮಾಡುವುದಿದ್ದರೆ ಬೇಕೆಂದು ಅಪ್ಪ ನನ್ನನ್ನೂ ಕರೆದುಕೊಂಡ. ಪಂದ್ಯ ಮುಗಿದ ಮೇಲೆ ತೀರ್ಥಹಳ್ಳಿಯ ಅತ್ತೆ ಕೆರಿಯಮ್ಮನ ಮನೆಗೆ ಹೋಗಿಬರುವುದೆಂದು ಮಾತಾಗಿತ್ತು. ಸುಂದರೇಶಯ್ಯ ಕಾರು ನಡೆಸಿದರು, ಪಕ್ಕದಲ್ಲಿ ಅಪ್ಪ, ಹಿಂದೆ ಭಾಗೀರಥಮ್ಮನವರು. ನಾನು ಅವರಿಗೆ ತಾಗದ ಹಾಗೆ ಬಾಗಿಲಿಗೆ ಒತ್ತಿಕೊಂಡು ಕೂತೆ. ಅವರು ಹೆಸರು ಕೇಳಿದರು. ಹುಲಿಯಮ್ಮ ಎಂದೆ. ಹೆಸರಿಗೆ ಹುಲಿ, ಕೂತದ್ದು ನೋಡಿದರೆ ಬೆಕ್ಕಿನ ಮರಿ ಎಂದು ನಕ್ಕರು.

ಹೊಸನಗರದಲ್ಲಿ ರಸ್ತೆಯ ತುಂಬ ಜನ. ಒಂದು ಎಮ್ಮೆ ಕಾರಿನ ಮುಂದೆಯೇ ಅಡ್ಡ ಬಂತು. ಸುಂದರೇಶಯ್ಯ ಬ್ರೇಕಿನ ಮೇಲೆ ಕಾಲು ಇಟ್ಟರು, ಕಾರು ಗಕ್ಕನೆ ಅಲ್ಲ, ಸದ್ದಿಲ್ಲದೆ ನಿಂತಿತು. ಭಾಗೀರಥಮ್ಮನವರ ಮಡಿಲಲ್ಲಿದ್ದ ಬುಟ್ಟಿ ಕದಲಲಿಲ್ಲ. ಬೆಳ್ಳಪ್ಪನ ಕೈ ಒಳ್ಳೆಯದು ಎಂದು ಅವರು ಹೇಳಿದರು. ಅಪ್ಪ ತಿರುಗಿ ನೋಡಲಿಲ್ಲ, ಆದರೆ ಅವನ ಕಿವಿಯ ಹಿಂದಿನ ಚರ್ಮ ಮೇಲೆ ಸರಿದದ್ದು ಕಂಡಿತು. ಅವನು ಒಳಗೊಳಗೇ ನಗುವಾಗ ಹಾಗಾಗುತ್ತದೆ.

ಹೊಸನಗರ ದಾಟಿ ಬಹಳ ದೂರ ಹೋದ ಮೇಲೆ ಕಾಡಿನ ನಡುವೆ ಒಂದು ಉದ್ದನೆಯ ಇಳಿಜಾರು ಬಂತು. ಸುಂದರೇಶಯ್ಯ ಅಪ್ಪನ ಕಡೆ ಒಮ್ಮೆ ನೋಡಿದರು. ಪರೀಕ್ಷೆ ಮಾಡಲು ಹೊರಟಿದ್ದಾರೆಂದು ನನಗೆ ತಿಳಿಯಿತು. ಕಾರನ್ನು ಜೋರಾಗಿ ಬಿಟ್ಟು ತಿರುವಿನ ಹತ್ತಿರ ಬ್ರೇಕು ಒತ್ತಿದರು. ಮತ್ತೆ ಬಿಟ್ಟರು, ಮತ್ತೆ ಒತ್ತಿದರು. ಇಷ್ಟು ಓಡಿಸಬೇಡ ಎಂದು ತಾಯಿ ಗದರಿದರೆ, ಕತ್ತಲಾಗುವ ಮೊದಲು ಮನೆ ಸೇರಬೇಕಲ್ಲ ಎಂದರು.

ಎರಡನೆಯ ತಿರುವಿನಲ್ಲಿ ನನಗೆ ವಾಸನೆ ಬಂತು. ರಬ್ಬರು ಸುಟ್ಟ ವಾಸನೆಯಲ್ಲ, ಎಣ್ಣೆಯದ್ದೂ ಅಲ್ಲ. ಸುಗ್ಗಿಯಲ್ಲಿ ದೊಡ್ಡ ಹಂಡೆಯ ಬಳಿ ನಿಂತರೆ ಬರುವಂಥದ್ದು. ಒಗರು, ಸಿಹಿ, ಗಂಟಲಿಗೆ ಹತ್ತುವ ಹಬೆ.

ಭಾಗೀರಥಮ್ಮನವರ ಮೂಗಿಗೂ ಅದು ಬಡಿಯಿತು, ಮಗನನ್ನು ತಮ್ಮ ಮನೆಮಾತಿನಲ್ಲಿ ಕೇಳಿದರು. "ತಮಾ, ಎಂತ ವಾಸನೆ ಇದು? ಅಡಿಕೆ ಬೇಯ್ದ ಹಾಂಗೆ ಬತ್ತಾ ಇದ್ದು."

"ಎಂತೂ ಇಲ್ಲೆ ಅಮ್ಮ. ಯಾರ ಮನೆದೋ."

"ವೈಶಾಖದಲ್ಲಿ ಯಾವ ಹುಚ್ಚರ ಮನೆಲಿ ಅಡಿಕೆ ಬೇಯ್ತು," ಎಂದು ಅವರು ಕಿಟಕಿಯಿಂದ ಹೊರಗೆ ನೋಡಿದರು. ಹೊರಗೆ ಮನೆಯೇ ಇರಲಿಲ್ಲ.

ನಾನು ಸುಂದರೇಶಯ್ಯನ ಬೆನ್ನು ನೋಡುತ್ತಿದ್ದೆ. ಹೊಸನಗರದಲ್ಲಿ ಅವರು ಬ್ರೇಕು ಒತ್ತಿದಾಗ ಅಂಗಿ ಕದಲಿರಲಿಲ್ಲ. ಈಗ ಪ್ರತಿ ಸಲವೂ ಬಲಗಡೆಯ ಹೆಗಲು ಕೆಳಗಿಳಿಯುತ್ತಿತ್ತು. ಕೊನೆಯ ತಿರುವಿಗೆ ಬರುವಾಗ ಅವರ ಸೊಂಟ ಸೀಟಿನಿಂದ ಎದ್ದಿತು, ಎರಡೂ ಕೈಯಿಂದ ಸ್ಟಿಯರಿಂಗು ಎಳೆದು ಹಿಡಿದು ಮೈಯ ಭಾರವನ್ನೆಲ್ಲ ಕಾಲಿಗೆ ಹಾಕಿದರು. ಕೆಳಗೆ ಮೋರಿಯ ಹತ್ತಿರ ಒಂದು ಗಾಡಿ ಹುಲ್ಲು ಹೇರಿಕೊಂಡು ರಸ್ತೆಯ ಮಧ್ಯೆ ಹೋಗುತ್ತಿತ್ತು. ಹಾರ್ನು ಹೊಡೆದರು. ಗಾಡಿಯವನು ಎತ್ತನ್ನು ಎಡಕ್ಕೆ ಎಳೆಯುವಷ್ಟರಲ್ಲಿ ನಮ್ಮ ಕಾರು ಹುಲ್ಲನ್ನು ಸವರಿಕೊಂಡು ದಾಟಿತು. ಕಿಟಕಿಯೊಳಗೆ ಹುಲ್ಲುಕಡ್ಡಿ ಉದುರಿದವು. ಮುಂದಿನ ಏರಿನಲ್ಲಿ ಕಾರು ತಾನೇ ನಿಧಾನವಾಗಿ ನಿಂತಿತು.

ಭಾಗೀರಥಮ್ಮನವರು ಸೀರೆಯ ಮೇಲಿನ ಹುಲ್ಲು ಕೊಡವುತ್ತಾ, ಗಾಡಿಯವನಿಗೆ ಬುದ್ಧಿಯಿಲ್ಲ ಎಂದು ಬೈದರು. ಎಂಜಿನಿಗೆ ನೀರು ಬೇಕು ಎಂದು ಸುಂದರೇಶಯ್ಯ ಸುಳ್ಳು ಹೇಳಿ ಇಳಿದರು. ಅಪ್ಪ ಇಳಿದು ಮುಂದಿನ ಚಕ್ರದ ಬಳಿ ಕೂತು ಡ್ರಮ್ಮಿಗೆ ಉಗುಳಿದ. ಚುರ್ ಎಂದಿತು. ನಾನೂ ಇಳಿದು ಹತ್ತಿರ ಹೋದೆ.

"ಅಪ್ಪ, ಒಳಗೆ ಚೊಗರು ಕುದೀತಾ ಐತೆ."

"ಹೊಸ ಲೈನಿಂಗು ಹಂಗೇಯ. ಒಂದೆರಡು ಸಲ ಬಿಸಿಯಾದ್ರೆ ಕೂತ್ಕಂತದೆ."

"ಸುಟ್ಟ ವಾಸ್ನೆ ಅಲ್ಲ ಇದು. ಹಂಡೆ ವಾಸ್ನೆ."

ಅವನು ಮೂಗನ್ನು ಡ್ರಮ್ಮಿನ ಹತ್ತಿರ ಒಯ್ದು ಉಸಿರೆಳೆದ. ದಿನವೂ ನಶ್ಯ ಏರಿಸಿ ಏರಿಸಿ ಅವನ ಮೂಗಿಗೆ ಮೀನು ಕರಿದರೂ ತಿಳಿಯುತ್ತಿರಲಿಲ್ಲ. ಇಲ್ಲ ಎಂದು ತಲೆಯಾಡಿಸಿದ. ಗಾಡಿಗೆ ಇದನ್ನು ಹಾಕಿದವನು ನಾನು, ನೀನು ಹುಟ್ಟುವುದಕ್ಕೂ ಮೊದಲು, ಅಂದ. ಗಾಡಿ ಎತ್ತಿನ ನಡಿಗೆಯಲ್ಲಿ ಇಳಿಯುತ್ತಿತ್ತು, ಮರ ಕೈಗೆ ಬೆಚ್ಚಗಾಗುವುದಕ್ಕಿಂತ ಹೆಚ್ಚು ಬಿಸಿಯಾಗುತ್ತಿರಲಿಲ್ಲ ಎಂಬುದು ನನಗೆ ಆಗಲೇ ಹೊಳೆದಿತ್ತು. ಹೇಳಲು ಬಾಯಿ ತೆರೆದೆ. ಸುಂದರೇಶಯ್ಯ ಹತ್ತಿರ ಬಂದರು. ಅಪ್ಪ ನನ್ನನ್ನು ಕಾರಿಗೆ ಹತ್ತಲು ಹೇಳಿದ.

ಮುಂದೆ ಅರಳಸುರಳಿಯವರೆಗೂ ಕಾರು ಮೆಲ್ಲಗೆ ಹೋಯಿತು.

ಸಂಜೆ ನಮಗೆ ಹೊರಜಗಲಿಯಲ್ಲಿ ಬಾಳೆಎಲೆ ಹಾಕಿ ಊಟ ಕೊಟ್ಟರು. ಊಟವಾದ ಮೇಲೆ ಸುಂದರೇಶಯ್ಯ ಕಾರಿನ ಹತ್ತಿರ ನಿಂತು ಅಪ್ಪನನ್ನು ತಗ್ಗಿದ ದನಿಯಲ್ಲಿ ವಿಚಾರಿಸಿದರು. ಇಳಿಜಾರಿನ ಕೊನೆಯಲ್ಲಿ ಪೆಡಲು ಕಲ್ಲಿನಂತಾಗಿತ್ತು, ಎಷ್ಟು ತುಳಿದರೂ ಹಿಡಿಯಲಿಲ್ಲ ಎಂದರು. ಲೈನಿಂಗು ಇನ್ನೂ ಡ್ರಮ್ಮಿಗೆ ಹೊಂದಿಕೊಂಡಿಲ್ಲ, ಶೂ ಸ್ವಲ್ಪ ಬಿಗಿ ಮಾಡುತ್ತೇನೆ ಎಂದು ಅಪ್ಪ ಸಮಾಧಾನ ಹೇಳಿದ. ಚಕ್ರ ಬಿಚ್ಚಿ ನೋಡೋಣವೇ ಎಂದು ಅವರು ಅರ್ಧ ಮನಸ್ಸಿನಿಂದ ಕೇಳಿದರು. ಬಿಚ್ಚಿದರೆ ಅಮ್ಮ ಹೊರಗೆ ಬರುತ್ತಾರೆ ಎಂದು ತಾವೇ ಸುಮ್ಮನಾದರು. ಅಪ್ಪ ಕಾರಿನಡಿ ಮಲಗಿ ಬಿಗಿ ಮಾಡಿದ. ತಣಿದ ಕಾರನ್ನು ಅಂಗಳದಲ್ಲಿ ಹಿಂದೆ ಮುಂದೆ ಓಡಿಸಿ ನೋಡಿದರು. ಬೆಣ್ಣೆಯಲ್ಲಿ ನಿಂತ ಹಾಗೆ ನಿಂತಿತು. ಇಬ್ಬರ ಮುಖವೂ ಒಂದೇ ಸಲಕ್ಕೆ ಸಡಿಲವಾಯಿತು.

ತಣ್ಣಗಿದ್ದಾಗ ಅದು ನಿಲ್ಲದೇ ಇದ್ದದ್ದು ಯಾವಾಗ? ಹೊಸನಗರದ ಎಮ್ಮೆಯ ಮುಂದೆಯೂ ಹೀಗೇ ನಿಂತಿತ್ತು. ಆದರೆ ಆಗುಂಬೆಯಲ್ಲಿ ತಿರುವಿನ ಹಿಂದೆ ತಿರುವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ನೆಲವೇ ಕಾಣದ ಪ್ರಪಾತ. ಏರು ಸಿಗುವುದು ಪೂರ್ತಿ ಇಳಿದ ಮೇಲೆ. ಎಡಗಡೆಯ ಸೀಟಿನಲ್ಲಿ ಅಪ್ಪ ಇರುತ್ತಾನೆ.

ಬೆಳಗಾಗುತ್ತಿದ್ದಂತೆ ಇಬ್ಬರೂ ಹೊರಟು ನಿಂತರು. ಭಾಗೀರಥಮ್ಮನವರು ನಮಗೆ ಕಾಫಿ ತಂದು ಜಗಲಿಯ ಅಂಚಿನಲ್ಲಿಟ್ಟರು. ಇಷ್ಟು ಬೇಗ ಎಲ್ಲಿಗೆ ಎಂದು ಕೇಳಿದರು. ತೀರ್ಥಹಳ್ಳಿಯಲ್ಲಿ ಬೆಳ್ಳಪ್ಪನನ್ನೂ ಮಗಳನ್ನೂ ಬಿಟ್ಟು ಬರುತ್ತೇನೆ ಎಂದು ಮಗ ಹೇಳಿದರು. ಕೈಯಲ್ಲಿ ಹೊಸ ಬಿಳಿ ಬಟ್ಟೆಗೆ ಕಪ್ಪು ಬಣ್ಣದಲ್ಲಿ ಅಂಕಿ ಬರೆದದ್ದನ್ನು ಮಡಚಿ ಹಿಡಿದಿದ್ದರು, ಅದನ್ನು ಸೀಟಿನಡಿ ತುರುಕಿದರು. ಅಪ್ಪ ನನಗೆ ಹಿಂದಿನ ಬಾಗಿಲು ತೆರೆದುಕೊಟ್ಟ. ತೀರ್ಥಹಳ್ಳಿಯಲ್ಲಿ ನನ್ನನ್ನು ಇಳಿಸಿ ಅವರಿಬ್ಬರೂ ಮುಂದೆ ಹೋಗುವುದೆಂದಿತ್ತು.

ನಾನು ಹತ್ತಲಿಲ್ಲ. ಕಾಫಿಯ ಲೋಟ ಕೈಯಲ್ಲೇ ಇತ್ತು. ಭಾಗೀರಥಮ್ಮನವರು ಲೋಟಕ್ಕಾಗಿ ಕಾದು ನಿಂತಿದ್ದರು. ಅವರ ಮುಖ ನೋಡಿ ಮಾತಾಡಲು ನನ್ನಿಂದಾಗಲಿಲ್ಲ. ಲೋಟವನ್ನು ತೊಳೆದು ಜಗಲಿಯ ಮೇಲೆ ಕವುಚಿಟ್ಟು, ಅದನ್ನೇ ನೋಡುತ್ತಾ ಹೇಳಿದೆ.

"ಅಮ್ಮಾ, ನಿನ್ನೆ ಅಡಿಕೆ ಬೇಯ್ದ ವಾಸ್ನೆ ಈ ಕಾರಿಂದ್ಲೇ ಬಂದಿದ್ದು. ಬ್ರೇಕಿಗೆ ಚೊಗರು ಹಾಕಿದಾರೆ. ಬಿಸಿಯಾದ್ರೆ ಹಿಡಿಯಲ್ಲ."

ಅಪ್ಪ ನನ್ನ ಹೆಸರು ಕೂಗಿದ. ಅಷ್ಟು ಗಟ್ಟಿಯಾಗಿ ಅವನು ಕೂಗಿದ್ದನ್ನು ನಾನು ಕೇಳಿರಲಿಲ್ಲ. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆನೆಂದು ಗೊತ್ತಿತ್ತು. ಇವರು ಹೋಗುತ್ತಿರುವುದು ತೀರ್ಥಹಳ್ಳಿಗಲ್ಲ, ಆಗುಂಬೆಗೆ, ಕಾರಿಗೆ ಇಬ್ಬರು ಇರಲೇಬೇಕಾದ ಪಂದ್ಯಕ್ಕೆ ಎಂಬುದನ್ನೂ ಹೇಳಿಬಿಟ್ಟೆ. ನಿನ್ನೆ ಹುಲ್ಲಿನ ಗಾಡಿಯವನದು ತಪ್ಪಿರಲಿಲ್ಲ ಎಂದೂ ಹೇಳಿದೆ.

ಸುಂದರೇಶಯ್ಯನ ಮುಖ ಕೆಂಪಾಗಿತ್ತು. ರಿವಿಟ್ಟು ಹಿಡಿಯುವ ಹುಡುಗಿಗೆ ಏನು ತಿಳಿಯುತ್ತದೆ, ಲೈನಿಂಗು ಹೊಸದು, ಸಂಜೆ ಬಿಗಿ ಮಾಡಿದ್ದೇವೆ, ಅಂಗಳದಲ್ಲಿ ಓಡಿಸಿ ನೋಡಿದಾಗ ಚೆನ್ನಾಗಿಯೇ ನಿಂತಿತು ಎಂದು ಒಂದೇ ಉಸಿರಿಗೆ ಹೇಳಿದರು. ತಾಯಿ ಬೈಯಲಿಲ್ಲ. ಪಂದ್ಯದ ಸುದ್ದಿಯನ್ನು ಎತ್ತಲೂ ಇಲ್ಲ. ಜಗಲಿಯಿಂದ ಇಳಿದು, ಕಾರಿನ ಸುತ್ತ ಬಂದು, ಮುಂದಿನ ಎಡಗಡೆಯ ಬಾಗಿಲು ತೆರೆದು ಅಪ್ಪ ಕೂರಬೇಕಾದ ಜಾಗದಲ್ಲಿ ಕೂತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಬ್ರೇಕು ಸರಿ ಇದ್ದು ಹೇಳಾದ್ರೆ ಆನೂ ಬತ್ತೆ. ನಡೆ, ಆಗುಂಬೆಗೇ ಹೋಪ."

ಮಗ ತಮಾಷೆ ಮಾಡಬೇಡ ಎಂದರು. ಇಬ್ಬರು ಇರಬೇಕಂತೆ ತಾನೇ, ಎರಡನೆಯವಳು ನಾನೇ ಆಗುತ್ತೇನೆ ಎಂದರು ತಾಯಿ. ಮಗ ಸ್ಟಿಯರಿಂಗಿನ ಹಿಂದೆ ಕೂತು ಬಾಗಿಲು ಹಾಕಿಕೊಂಡರು. ಎಂಜಿನು ಶುರುವಾಯಿತು. ಅವರು ಹೊರಟೇಬಿಡುತ್ತಾರೆ ಎಂದು ನನಗೆ ಅನ್ನಿಸಿತು. ಹಟದಲ್ಲಿ ತಾಯಿ ಮಗ ಒಂದೇ ತೂಕ. ಕಾರು ನಿಂತಲ್ಲೇ ನಡುಗುತ್ತಿತ್ತು, ಅಪ್ಪನ ಕೈ ಇನ್ನೂ ತೆರೆದಿದ್ದ ಎಡಬಾಗಿಲಿನ ಮೇಲಿತ್ತು.

ಭಾಗೀರಥಮ್ಮನವರು ತಲೆಯೆತ್ತಿ ಅವನನ್ನು ನೋಡಿದರು. ಅವನ ಜೊತೆ ಮಾತಾಡುವಾಗ ಅವರ ಮಾತು ಬೇರೆ.

"ಬೆಳ್ಳಪ್ಪ, ಮಾಡಿದವನು ನೀನು. ನಾನು ಈ ಕಾರಲ್ಲಿ ಘಾಟಿ ಇಳೀಲಾ, ಬೇಡ್ವಾ? ನೀನು ಹೂಂ ಅಂದ್ರೆ ಹೋಗ್ತೀನಿ."

ಅಪ್ಪ ಮುಂದಿನ ಚಕ್ರದ ಕಡೆ ನೋಡಿದ, ನನ್ನ ಕಡೆ ನೋಡಿದ. ಬಾಗಿಲಿನ ಮೇಲಿದ್ದ ಅವನ ಬೆರಳುಗಳು ಒಂದೊಂದಾಗಿ ಬಿಗಿಯಾಗುತ್ತಿದ್ದವು. ತನ್ನ ಜೀವಕ್ಕೆ ಅವನು ನಿನ್ನೆಯೇ ಹೂಂ ಅಂದಿದ್ದ. ಈಗ ಕೇಳುತ್ತಿದ್ದದ್ದು ಇನ್ನೊಬ್ಬರದು. ಸುಂದರೇಶಯ್ಯ, ಹೇಳಪ್ಪ, ಧೈರ್ಯ ಹೇಳು ಎಂದರು. ಎಂಜಿನಿನ ಸದ್ದಿನಲ್ಲಿ ಅವರ ದನಿ ಸಣ್ಣಗೆ ಕೇಳಿತು.

"ಬ್ಯಾಡ, ಕಾರಿಂದ ಇಳೀರಿ ಅಮ್ಮಾ," ಅಂದ ಅಪ್ಪ.

ಅವರು ಇಳಿದರು. ಸುಂದರೇಶಯ್ಯ ಎಂಜಿನು ಆರಿಸಿ, ಕೀಲಿಯನ್ನು ಅದರಲ್ಲೇ ಬಿಟ್ಟು, ಯಾರನ್ನೂ ನೋಡದೆ ತೋಟದ ದಾರಿ ಹಿಡಿದರು. ಪಂದ್ಯ ಒಂಬತ್ತು ಗಂಟೆಗೆ ಇತ್ತು. ಗಟ್ಟಿ ಲೈನಿಂಗು ಸಾಗರದ ಅಂಗಡಿಯಲ್ಲಿತ್ತು.

ಅಪ್ಪ ಜಾಕು ಇಟ್ಟು ಮುಂದಿನ ಚಕ್ರ ಬಿಚ್ಚಿದ. ಡ್ರಮ್ಮು ಸುಲಭವಾಗಿ ಬರಲಿಲ್ಲ. ಸುತ್ತಿಗೆಯಿಂದ ಸುತ್ತ ತಟ್ಟಿ ತಟ್ಟಿ ಎಳೆದಾಗ ಕಿತ್ತುಕೊಂಡು ಬಂತು. ಒಳಗೆ ಶೂವಿನ ಮೇಲೆ ನೇಯ್ಗೆಯ ಎಳೆಯೇ ಕಾಣುತ್ತಿರಲಿಲ್ಲ. ಚೊಗರು ಕುದ್ದು, ಉಕ್ಕಿ, ಗಾಜಿನ ಹಾಗೆ ಹರಡಿಕೊಂಡು ಕರ್ರಗೆ ಹೊಳೆಯುತ್ತಿತ್ತು. ಅವನು ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಎಳೆದ. ಉಗುರು ಎಲ್ಲೂ ತಡೆಯದೆ ಆ ತುದಿಯವರೆಗೂ ಜಾರಿತು. ಇನ್ನೊಮ್ಮೆ ಎಳೆದ.

ಭಾಗೀರಥಮ್ಮನವರು ಅವನ ಹಿಂದೆ ನಿಂತು ನೋಡಿದರು. ಏನೂ ಹೇಳದೆ ಒಳಗೆ ಹೋದರು. ಅವರು ಬೈದಿದ್ದರೆ ಅಪ್ಪನಿಗೆ ಹಗುರವಾಗುತ್ತಿತ್ತೇನೋ.

ಅವನು ನಾಲ್ಕೂ ಚಕ್ರ ಬಿಚ್ಚಿ, ಶೂಗಳನ್ನು ತೆಗೆದು ಚೀಲಕ್ಕೆ ಹಾಕಿದ. ಹೊಸದು ಹಾಕಿಕೊಂಡು ನಾಡಿದ್ದು ಬರುತ್ತೇನೆ, ಅಲ್ಲಿಯವರೆಗೂ ಕಾರು ಮುಟ್ಟಬೇಡಿ ಎಂದು ಬಾಗಿಲಲ್ಲಿ ನಿಂತು ಹೇಳಿದ. ಅಚ್ಚಿನದ್ದೇ ಹಾಕು ಎಂದು ಒಳಗಿನಿಂದ ಭಾಗೀರಥಮ್ಮನವರ ಉತ್ತರ ಬಂತು. ಮುಂದಿನ ವರ್ಷವೂ ನನ್ನ ಮಗ ಪಂದ್ಯ ಬಿಟ್ಟು ಸುಮ್ಮನಿರುವವನಲ್ಲ ಎಂದೂ ಹೇಳಿದರು.

ಅತ್ತೆಯ ಮನೆಯ ಮಾತು ಅಪ್ಪ ಎತ್ತಲಿಲ್ಲ. ನಾವು ರಸ್ತೆಗೆ ಬಂದು ಸಾಗರದ ಬಸ್ಸು ಕಾದೆವು. ತೀರ್ಥಹಳ್ಳಿ ಕಡೆಗೆ ಎರಡು ಕಾರು ಧೂಳೆಬ್ಬಿಸಿಕೊಂಡು ಹೋದವು. ಎರಡಕ್ಕೂ ಬಾಗಿಲ ಮೇಲೆ ಅಂಕಿ ಬರೆದ ಬಿಳಿ ಬಟ್ಟೆ ಅಂಟಿಸಿತ್ತು. ಅಪ್ಪ ಅವು ಮರೆಯಾಗುವವರೆಗೂ ನೋಡಿದ. ಅವು ಬ್ರೇಕು ಒತ್ತಿದಾಗ ಬಂದ ಕಿರುಚಾಟವನ್ನು ಕಿವಿಗೊಟ್ಟು ಕೇಳಿದ.

ಬಸ್ಸಿನಲ್ಲಿ ಅವನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ನನ್ನ ಜೊತೆ ಮಾತಿಲ್ಲ. ಎಲ್ಲರೆದುರು ಅವನ ಮಾನ ತೆಗೆದವಳು ನಾನು, ಅದು ನನಗೆ ಗೊತ್ತಿತ್ತು. ಇನ್ನು ಅಂಗಡಿಗೆ ಬರಬೇಡ ಎಂದರೂ ಎನ್ನಬಹುದು ಎಂದುಕೊಂಡು ಕಿಟಕಿಯ ಸರಳು ಹಿಡಿದು ಕೂತಿದ್ದೆ. ನಿನ್ನೆಯ ಇಳಿಜಾರನ್ನು ಬಸ್ಸು ಏದುಸಿರು ಬಿಡುತ್ತಾ ಹತ್ತಿತು. ಮೋರಿಯ ಹತ್ತಿರ ರಸ್ತೆಯಂಚಿನಲ್ಲಿ ಹುಲ್ಲು ಇನ್ನೂ ಚೆಲ್ಲಿಕೊಂಡಿತ್ತು. ಅಪ್ಪನೂ ಅದನ್ನು ನೋಡಿದ.

ಹೊಸನಗರದಲ್ಲಿ ಬಸ್ಸು ನಿಂತಾಗ ಅವನು ಬಾಯಿ ತೆರೆದ.

"ವಾಸ್ನೆ ನಿಂಗೆ ಎಲ್ಲಿಂದ ಬಂತು?"

"ಎರಡನೇ ತಿರುವಿಂದ."

"ಆವಾಗ್ಲೇ ಹೇಳ್ಬೇಕಿತ್ತು ನೀನು."

"ಹೇಳ್ದೆ ಅಪ್ಪ."

ಅವನು ನನ್ನನ್ನು ನೋಡಿದ. ಆಮೇಲೆ ಚೀಲದ ಬಾಯಿ ಬಿಚ್ಚಿ ಒಂದು ಶೂ ಹೊರಗೆ ತೆಗೆದು ನನ್ನ ಕೈಗೆ ಕೊಟ್ಟ. ಬೆಳಕಿಗೆ ಹಿಡಿದು ತಿರುಗಿಸಿದೆ. ಹೊಳಪು ನಡುವೆ ಹೆಚ್ಚಾಗಿತ್ತು, ಅಂಚಿನಲ್ಲಿ ಕಡಿಮೆ. ಎಲ್ಲೆಲ್ಲಿ ಕುದ್ದಿದೆ ತೋರಿಸು ಎಂದು ಅವನು ಕೇಳಿದ, ಬಸ್ಸು ಹೊರಡುವವರೆಗೂ ನಾನು ಬೆರಳಿಟ್ಟು ತೋರಿಸುತ್ತಾ ಹೋದೆ.